ಕಪಾಟಿನೊಳಗಿನ ಅಬ್ರಿ ಕಾಗದ

ಔರಾದ
೧೮ ಅಕ್ಟೋಬರ್ ೧೯೪೮

ಆಬೇದಾಗೆ ಸುಮಿತ್ರಾಳ ಶರಣು.

ನಾವು ಬದುಕಿದ್ದೇವೆ. ಮೊದಲು ಅದನ್ನೇ ಬರೆಯುತ್ತೇನೆ. ಟಪ್ಪಾಲು ಮತ್ತೆ ಶುರುವಾಗಿದೆ ಎಂದು ನಿನ್ನೆ ಗೊತ್ತಾಯಿತು, ಇವತ್ತು ಕಾಗದ ಹಿಡಿದು ಕೂತೆ. ನೀವಿಬ್ಬರೂ ಹೇಗಿದ್ದೀರಿ? ಈ ವರ್ಷ ನಮ್ಮ ಬನ್ನಿ, ನಿಮ್ಮ ಬಕ್ರೀದು ಒಂದೇ ವಾರದಲ್ಲಿ ಬಂದವು. ತವರೂರು ಭಾಲ್ಕಿಯಲ್ಲಿ ಇದ್ದಿದ್ದರೆ ನಮ್ಮ ಎರಡೂ ಮನೆಗಳ ನಡುವೆ ಆ ವಾರವೆಲ್ಲ ತಾಟುಗಳು ಓಡಾಡುತ್ತಿದ್ದವು.

ಜ್ಯೇಷ್ಠದಲ್ಲಿ ರಜಾಕಾರರು ನಮ್ಮ ಓಣಿಗೆ ಬರುವ ಹಿಂದಿನ ದಿನ ನಾವು ಗಾಡಿ ಕಟ್ಟಿದೆವು. ಮಾಂಜ್ರಾ ದಾಟುವ ಮೊದಲೇ ಗಾಡಿಯ ಅಚ್ಚು ಮುರಿಯಿತು. ಅದನ್ನು ಸರಿ ಮಾಡಿ ಕೊಟ್ಟವನು ನಿನ್ನ ಅಣ್ಣ ಸುಭಾನ. ಹೊಳೆದಂಡೆಯ ಅವನ ಊರು ದಾರಿಯಲ್ಲೇ ಇತ್ತಲ್ಲ. ಅವನು ಬಾರದಿದ್ದರೆ ಏನಾಗುತ್ತಿತ್ತೋ, ಈಗ ಯೋಚಿಸುವುದಿಲ್ಲ. ಬಾರ್ಶಿಯಲ್ಲಿ ನೆಂಟರ ಹಿತ್ತಲಲ್ಲಿ ಮೂರು ತಿಂಗಳು ಕಳೆದು, ಹಿಂದೂಸ್ತಾನದ ಫೌಜು ಬಂದ ಮೇಲೆ ತಿರುಗಿ ಬಂದೆವು.

ಬಂದು ನೋಡಿದರೆ ಮನೆಗೆ ಬಾಗಿಲಿಲ್ಲ. ಕಿಡಕಿಯ ಚೌಕಟ್ಟು ಕೂಡ ಕಿತ್ತು ಒಯ್ದಿದ್ದಾರೆ. ಪಡಸಾಲೆಯಲ್ಲಿ ಬೆಂಕಿ ಹಾಕಿ ಗೋಡೆಯೆಲ್ಲ ಕಪ್ಪು. ಉಳಿದದ್ದು ಹಗ್ಗವಿಲ್ಲದ ಒಂದು ಹೊರಸು, ಮುಚ್ಚಳವಿಲ್ಲದ ಎರಡು ಟ್ರಂಕು, ಮೂರು ಕಾಲಿನ ಒಂದು ಸ್ಟೂಲು. ಅತ್ತೆ ಒಳಗೆ ಕಾಲಿಡುವುದಿಲ್ಲ. ಬೇವಿನ ಗಿಡದ ಕೆಳಗೆ ಕೂತುಬಿಟ್ಟಿದ್ದಾರೆ. “ಇದು ನನ್ನ ಮನಿ ಅಲ್ಲ. ಯಾರ ಮನ್ಯಾಗ ಕರಕೊಂಡು ಬಂದೀರಿ ನನ್ನ?” ಎನ್ನುತ್ತಾರೆ. ಊಟವೂ ಅಲ್ಲೇ, ನಿದ್ದೆಯೂ ಅಲ್ಲೇ. ಚಳಿ ಶುರುವಾದರೆ ಆ ಜೀವ ಉಳಿಯುವುದಿಲ್ಲ.

ನೀನು ಬಡಗಿ ಮಿಸ್ತ್ರಿ ಕಾಕಾನ ಮಗಳು, ಪುಸ್ತಕಗಳಿಗೆ ಜಿಲ್ದು ಕಟ್ಟುವವನ ಹೆಂಡತಿ. ನಮ್ಮ ಅಪ್ಪನ ಖಾಸಗಿ ಸಾಲೆಯಲ್ಲಿ ಒಂದೇ ಪಾಟಿಯ ಮೇಲೆ ಬರೆಯುವಾಗಲೇ ಆ ಪಾಟಿಯ ಮುರಿದ ಚೌಕಟ್ಟನ್ನು ನೀನೇ ಕಟ್ಟಿದ್ದೆ. ಹೊಸದಾಗಿ ಏನೂ ಕೊಳ್ಳದೆ ಇದನ್ನು ಮನೆ ಮಾಡುವುದು ಹೇಗೆ, ಬರೆದು ಕಳಿಸು.

ನಿನ್ನ ಸುಮಿತ್ರಾ


ಬೀದರ
೨೫ ಅಕ್ಟೋಬರ್ ೧೯೪೮

ಸುಮಿತ್ರಕ್ಕನಿಗೆ ಆಬೇದಾಳ ಸಲಾಮು.

ನಿನ್ನ ಅಕ್ಷರ ನೋಡಿ ಬಾಗಿಲಲ್ಲೇ ಕೂತು ಅತ್ತುಬಿಟ್ಟೆ. ಆಮೇಲೆ ಎದ್ದು ಒಲೆ ಹೊತ್ತಿಸಿದೆ. ಅಳುವುದನ್ನು ಬಿಟ್ಟು ಕೆಲಸದ ಮಾತು ಬರೆಯುತ್ತೇನೆ.

ಕಪ್ಪು ಗೋಡೆಗೆ ನೇರವಾಗಿ ಸುಣ್ಣ ಹೊಡೆಯಬೇಡ. ನಾಲ್ಕು ದಿನದಲ್ಲಿ ಮಸಿ ಹಳದಿಯಾಗಿ ಹೊರಗೆ ಬರುತ್ತದೆ. ಇಟ್ಟಿಗೆ ಚೂರಿನಿಂದ ತಿಕ್ಕಿ, ಮಣ್ಣಿಗೆ ಸೆಗಣಿ, ಸಣ್ಣ ಹೊಟ್ಟು ಕಲಸಿ ತೆಳ್ಳಗೆ ಒಂದು ಪದರ ಬಳಿ. ಅದು ಪೂರ್ತಿ ಒಣಗಬೇಕು; ಕೈ ಇಟ್ಟರೆ ತಣ್ಣಗೆ ಅನಿಸಬಾರದು. ಆಮೇಲೆ ಸುಣ್ಣ. ಸುಣ್ಣದ ನೀರಿಗೆ ಒಂದು ಹಿಡಿ ಉಪ್ಪು, ಚಿಟಿಕೆ ನೀಲಿ, ಸ್ವಲ್ಪ ಗೋಂದು ಹಾಕಿದರೆ ಒರಗಿದವರ ಬೆನ್ನಿಗೆ ಹತ್ತುವುದಿಲ್ಲ. ಗೋಡೆಯ ಬುಡಕ್ಕೆ ಮೊಣಕಾಲೆತ್ತರ ನಮ್ಮ ಕಡೆಯ ಕೆಂಪು ಮಣ್ಣು ಸಾರಿಸು. ಮನೆಗೆ ಅಂಚಿನ ಸೀರೆ ಉಡಿಸಿದ ಹಾಗೆ ಕಾಣುತ್ತದೆ.

ಹೊರಸಿಗೆ ಹಗ್ಗ ಬೇಕಿಲ್ಲ. ಹರಿದ ಸೀರೆಗಳನ್ನು ನಾಲ್ಕು ಬೆರಳು ಅಗಲ ಸೀಳಿ, ಒದ್ದೆ ಮಾಡಿ ಹೊಸೆ. ಒದ್ದೆಯಲ್ಲೇ ಬಿಗಿದರೆ ಒಣಗುವಾಗ ಇನ್ನೂ ಬಿಗಿಯಾಗುತ್ತದೆ. ಕಾಲ ಕಡೆ ಒಂದು ಗೇಣು ಬಿಟ್ಟು ಹೆಣೆ, ಜೋಲು ಬಿದ್ದಾಗ ಎಳೆಯಲು ಅಲ್ಲಿಂದಲೇ ದಾರಿ. ಅತ್ತೆಯವರ ಹಳೆಯ ಸೀರೆ ಒಂದಾದರೂ ಅದರಲ್ಲಿ ಸೇರಲಿ. ತಮ್ಮ ಸೀರೆಯ ಬಣ್ಣ ಗುರುತು ಹಿಡಿದರೆ ಬಂದು ಕೂಡುತ್ತಾರೆ. ಟ್ರಂಕುಗಳನ್ನು ಒಂದರ ಮೇಲೊಂದು ಅಡ್ಡ ಮಲಗಿಸಿ ಗೋಣಿತಟ್ಟಿನ ಪರದೆ ಕಟ್ಟು, ಪಾತ್ರೆ ಇಡಲು ಮಾಡವಾಯಿತು. ಮೂರು ಕಾಲಿನ ಸ್ಟೂಲಿಗೆ ನಾಲ್ಕನೆಯ ಕಾಲು ಹುಡುಕಬೇಡ. ಉಳಿದವನ್ನು ಬಿಚ್ಚಿ ಮೂರು ಕಡೆ ಸಮ ಅಂತರದಲ್ಲಿ ಹೊಡೆ, ನಾಲ್ಕು ಕಾಲಿನದಕ್ಕಿಂತ ಗಟ್ಟಿ ನಿಲ್ಲುತ್ತದೆ. ಅಬ್ಬಾ ಹಾಗೆ ಹೇಳುತ್ತಿದ್ದರು.

ರದ್ದಿ ಕಾಗದ ಸಿಕ್ಕರೆ ಎರಡು ದಿನ ನೆನೆಯಿಟ್ಟು, ಹುರಿದು ಬೀಸಿ, ಕುದಿಸಿ ಅಂಟು ಮಾಡಿದ ಹುಣಸೆ ಬೀಜದ ಖಳಿ ಬೆರೆಸಿ ಕುಟ್ಟು. ಮಡಕೆಯನ್ನು ಬೋರಲು ಹಾಕಿ ಅದರ ಮೇಲೆ ಬಡಿದರೆ ಬುಟ್ಟಿ. ಖಳಿಯಲ್ಲಿ ಮೈಲುತುತ್ತದ ಒಂದು ಹರಳು ಹಾಕಲು ಮರೆಯಬೇಡ, ಇಲ್ಲದಿದ್ದರೆ ಹುಳು.

ಇವರು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ. ಬರುವುದು ಸ್ವಲ್ಪ ತಡ. ಅಣ್ಣನ ಕಾಗದ ಸೆಪ್ಟೆಂಬರಿನಿಂದ ಬಂದಿಲ್ಲ. ಬರೆಯುವುದರಲ್ಲಿ ಅವನು ಮೊದಲಿನಿಂದಲೂ ಸೋಮಾರಿ. ಸಂತೆಯಲ್ಲಿ ಆ ಊರಿನವರು ಯಾರಾದರೂ ಸಿಕ್ಕರೆ ಒಂದು ಮಾತು ಕೇಳು.

ಆಬೇದಾ


ಔರಾದ
೬ ನವೆಂಬರ್ ೧೯೪೮

ಆಬೇದಾ,

ನಿನ್ನ ಕೈಗೆ ಬಂಗಾರದ ಬಳೆ ತೊಡಿಸಬೇಕು. ಅತ್ತೆ ಒಳಗೆ ಬಂದರು!

ನೀನು ಹೇಳಿದಂತೆ ಅವರ ಹಸಿರು ಇಳಕಲ್ ಸೀರೆ ಸೀಳಿ ಹೊಸೆದೆ. ಹೊರಸನ್ನು ಪಡಸಾಲೆಯಲ್ಲಿಟ್ಟು ಸುಮ್ಮನೆ ಇದ್ದೆ. ದೀಪಾವಳಿಯ ಅಮಾವಾಸ್ಯೆಯ ದಿನ ತಾವೇ ಎದ್ದು ಬಂದು, ಹೊರಸಿನ ಮೇಲೆ ಕೈಯಾಡಿಸಿ, “ಇದು ನನ್ನ ಲಗ್ನದ ಮರುವರ್ಷದ ಸೀರಿ” ಎಂದರು. ಕೂತರು. ಈಗ ಅಲ್ಲಿಂದ ಏಳುವುದೇ ಇಲ್ಲ. ಗೋಡೆಗೆ ಕೆಂಪು ಅಂಚು ಬಂದಿದೆ. ಎರಡು ಬುಟ್ಟಿ ಚೆನ್ನಾಗಿ ಆದವು, ಮೂರನೆಯದು ಮಡಕೆ ಬಿಟ್ಟು ಬರಲಿಲ್ಲ, ಮಡಕೆಯನ್ನೇ ಒಡೆದೆ.

ನಿನ್ನ ಯಜಮಾನರಿಗೆ ಕೈತುಂಬ ಕೆಲಸ ಎಂದು ಓದಿ ಸಮಾಧಾನವಾಯಿತು. ಸರಕಾರಿ ದಫ್ತರಗಳಿಗೆಲ್ಲ ಹೊಸ ಪುಸ್ತಕ ಬೇಕಲ್ಲ ಈಗ.

ಸುಭಾನಣ್ಣನ ಬಗ್ಗೆ ನಮ್ಮ ಯಜಮಾನರನ್ನು ಕೇಳಿದೆ. “ನಾ ಆ ಕಡಿ ಹೋಗೇ ಇಲ್ಲ” ಎಂದರು.

ಇನ್ನೊಂದು ಸುದ್ದಿ. ನಮ್ಮವರು ಒಂದು ಕಪಾಟು ತಂದಿದ್ದಾರೆ, ಯಾರೋ ಊರು ಬಿಡುವವರು ಅಗ್ಗಕ್ಕೆ ಕೊಟ್ಟರಂತೆ. ಸಾಗವಾನಿಯದು. ಮೇಲೆ ಕಮಾನಿನ ಆಕಾರ ಕೊರೆದಿದ್ದಾರೆ, ಅಲ್ಲಲ್ಲಿ ಕೊಡಲಿಯ ಗಾಯ. ಅದನ್ನು ಅಗಸೆ ಎಣ್ಣೆಯಿಂದ ಸರಿ ಮಾಡಬಹುದೇ? ಆದರೆ ಬಾಗಿಲು ತಿರುಗುಮುರುಗು: ಚಿಲಕ ಎಡಕ್ಕಿದೆ, ತೆರೆಯುವಾಗಲೆಲ್ಲ ನನ್ನ ಕೈ ತಪ್ಪುತ್ತದೆ. ಬಿಜಾಗರಿ ಬಿಚ್ಚಿ ಆ ಕಡೆಗೆ ಹಾಕಬಹುದೇ? ಒಳಗೆ ನವಿಲುಗೊರಳಿನ ಬಣ್ಣದ, ಅಲೆ ಅಲೆಯಾದ ಒಂದು ಕಾಗದ ಅಂಟಿಸಿದ್ದಾರೆ. ಒಂದು ಹುಳುವೂ ತಿಂದಿಲ್ಲ. ಒಂದು ಬದಿಗೆ ಏನೋ ಕೆಂಪು ಚೆಲ್ಲಿ ಕಲೆಯಾಗಿದೆ. ಹರಿಯದಂತೆ ಅದನ್ನೆಲ್ಲ ಕಿತ್ತು ಹೊಸ ಕಾಗದ ಅಂಟಿಸಬೇಕೆಂದಿದ್ದೇನೆ. ವಿಧಾನ ಬರೆ.

ಸುಮಿತ್ರಾ


ಬೀದರ
೧೩ ನವೆಂಬರ್ ೧೯೪೮

ಸುಮಿತ್ರಕ್ಕಾ,

ಹುಣಸೆ ಬೀಜದ ಖಳಿಯಿಂದ ಅಂಟಿಸಿದ ಕಾಗದ ಒಣಗಿದಾಗ ಬರುವುದಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಅರಿವೆಯನ್ನು ಅದರ ಮೇಲೆ ಒತ್ತಿ ಹಿಡಿದು, ಇಪ್ಪತ್ತು ಎಣಿಸಿ, ಮೇಲಿನ ಮೂಲೆಯಿಂದ ಬಿದಿರಿನ ಚಕ್ಕೆ ಹಾಕಿ ಎಬ್ಬಿಸಬೇಕು. ಚಾಕು ಬೇಡ, ಕಟ್ಟಿಗೆಗೆ ಗೀರು ಬೀಳುತ್ತದೆ.

ಅದು ನನಗೆ ಹೇಗೆ ಗೊತ್ತು ಎಂದರೆ ಆ ಕಾಗದ ಅಂಟಿಸಿದವಳು ನಾನು.

ಅಬ್ರಿ ಕಾಗದ ಎನ್ನುತ್ತಾರೆ ಅದಕ್ಕೆ. ಮೆಂತ್ಯದ ಲೋಳೆನೀರಿನ ಮೇಲೆ ಬಣ್ಣ ತೇಲಿಸಿ, ಬಾಚಣಿಗೆ ಎಳೆದು, ಕಾಗದ ಹಾಸಿ ಎತ್ತುತ್ತಾರೆ. ಇವರು ನನ್ನ ಅಣ್ಣನ ಲಗ್ನಕ್ಕೆಂದೇ ಮಾಡಿದ್ದು. ಕಪಾಟು ಅಣ್ಣನ ಕೈಯದು. ಕುಬರಾಗಾಗಿ ಮಾಡಿದ. ಅವನು ಎಡಚ ಎನ್ನುವುದನ್ನು ನೀನು ಮರೆತೆಯಾ? ಲಗ್ನದ ಮನೆಯಲ್ಲಿ ಎಲ್ಲರೂ ನಕ್ಕಿದ್ದರು, “ಹೆಂಡ್ತಿಗಿ ಮಾಡಿದ್ದೋ, ನಿನಗ ಮಾಡಿಕೊಂಡಿದ್ದೋ?” ಎಂದು. ಕುಬರಾ ಮಾತ್ರ ಎಡಗೈಯಿಂದ ಚಿಲಕ ತೆಗೆಯುವುದನ್ನು ಒಂದೇ ದಿನಕ್ಕೆ ಕಲಿತಳು.

ಊರು ಬಿಡುವವರು ಕೊಟ್ಟರು ಎಂದು ಬರೆದಿದ್ದೀ. ಕೊಟ್ಟವನು ಅಣ್ಣನೇ ಏನು? ಕೊಡಲಿಯ ಗಾಯ ಯಾಕೆ ಇದೆ? ಆ ಕೆಂಪು ಯಾವುದರ ಕಲೆ? ಯಜಮಾನರನ್ನು ಕೂಡಿಸಿಕೊಂಡು ಕೇಳು. ಯಾರು ಕೊಟ್ಟರು, ಎಲ್ಲಿ ಕೊಟ್ಟರು, ಅಣ್ಣನನ್ನು ಅವರು ಕಣ್ಣಾರೆ ನೋಡಿದರೇ. ಎಷ್ಟೇ ಕೆಟ್ಟದ್ದಿದ್ದರೂ ಬರೆ.

ನಾನೂ ನಿನಗೆ ಒಂದು ಮುಚ್ಚಿಟ್ಟೆ. ಇವರು ಕೆಲಸಕ್ಕೆ ಹೋಗಿಲ್ಲ. ಪೋಲೀಸ್ ಆಕ್ಷನ್ ಆದ ವಾರದಲ್ಲೇ ರಜಾಕಾರ ಎಂದು ಹಿಡಿದು ಒಯ್ದರು. ರಜಾಕಾರರ ಚಂದಾ ಪುಸ್ತಕಕ್ಕೆ ಜಿಲ್ದು ಕಟ್ಟಿ ಕೊಟ್ಟದ್ದೇ ಗುನ್ನೆ. ವಾರಕ್ಕೊಮ್ಮೆ ಜೇಲಿನ ಬಾಗಿಲಲ್ಲಿ ರೊಟ್ಟಿ ಕೊಟ್ಟು ಬರುತ್ತೇನೆ. ನಿನ್ನ ಮನೆ ಸುಟ್ಟವರ ಹೆಸರಿನಲ್ಲೇ ಇವರನ್ನು ಹಿಡಿದಿದ್ದಾರೆ. ಅದನ್ನು ನಿನಗೆ ಹೇಗೆ ಬರೆಯಲಿ ಎಂದು ಬರೆಯಲಿಲ್ಲ.

ಆಬೇದಾ


ಔರಾದ
೨೦ ನವೆಂಬರ್ ೧೯೪೮

ಆಬೇದಾ,

ನಿನ್ನ ಕಾಗದ ಓದಿದ ದಿನವೇ ನಮ್ಮವರನ್ನು ಕೇಳಿದೆ. ಸುಭಾನಣ್ಣ, ಕುಬರಾ ಹೈದರಾಬಾದಿಗೆ ಹೋದರಂತೆ. ಫೌಜು ಬರುವ ಮುಂಚೆಯೇ ಹೋದರಂತೆ. ಸಾಮಾನು ಹಿಂದೆ ಬಿಟ್ಟು ಹೋದದ್ದರಿಂದ ಊರಿನವರು ಮಾರಿದ್ದಾರೆ. ಕೊಡಲಿಯ ಗಾಯ ಗಾಡಿಗೆ ಏರಿಸುವಾಗ ಆದದ್ದು. ಆ ಕಲೆ ಕುಂಕುಮದ್ದೋ ಏನೋ.

ಹೈದರಾಬಾದಿನಲ್ಲಿ ಯಾವ ಓಣಿ ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಯಜಮಾನರ ಸುದ್ದಿ ಓದಿ ಸಂಕಟವಾಯಿತು. ನೀನು ಬರೆಯಬೇಕಿತ್ತು.

ಹೆಚ್ಚು ಬರೆಯಲು ಆಗುತ್ತಿಲ್ಲ. ಅತ್ತೆಗೆ ಮೈಯಲ್ಲಿ ಸರಿಯಿಲ್ಲ.

ಸುಮಿತ್ರಾ


ಬೀದರ
೨೬ ನವೆಂಬರ್ ೧೯೪೮

ಸುಮಿತ್ರಕ್ಕಾ, ನನ್ನ ಅಕ್ಕಾ,

ಹೈದರಾಬಾದಿಗೆ ಹೋದರು ಎಂಬ ಸಾಲನ್ನು ಎಷ್ಟು ಸಲ ಓದಿದೆನೋ. ಅಂದರೆ ಬದುಕಿದ್ದಾನೆ. ಎರಡು ತಿಂಗಳು ನಾನು ಎಲ್ಲ ಕೆಟ್ಟದ್ದನ್ನೂ ಯೋಚಿಸಿಬಿಟ್ಟಿದ್ದೆ, ಬಾಯಿಂದ ಮಾತ್ರ ಆಡಿರಲಿಲ್ಲ. ಇವರಿಗೆ ಜೇಲಿನ ಜಾಲರಿಯಿಂದ ಹೇಳಿದೆ. ಸೆಪ್ಟೆಂಬರಿನ ನಂತರ ಮೊದಲ ಸಲ ಇವರು ನಕ್ಕರು. “ಹೋಗು, ಹುಡುಕು. ಎಡಗೈಲೆ ರಂದಾ ಹೊಡಿಯೋ ಬಡಿಗ್ಯಾರು ಎಷ್ಟು ಮಂದಿ ಇರ್ತಾರ?” ಎಂದರು.

ನಾಳೆ ಹೊರಡುತ್ತೇನೆ. ಅಲ್ಲಿ ಊರು ಬಿಟ್ಟು ಬಂದವರಿಗಾಗಿ ದರ್ಗಾಗಳಲ್ಲಿ, ಮಸೀದಿಗಳಲ್ಲಿ ಜಾಗ ಮಾಡಿದ್ದಾರಂತೆ. ಒಂದೊಂದೇ ನೋಡುತ್ತೇನೆ. ಎಂಟು ದಿನಕ್ಕೆ ತಿರುಗಿ ಬರುತ್ತೇನೆ, ಇವರ ರೊಟ್ಟಿ ತಪ್ಪಬಾರದು. ಅಷ್ಟರವರೆಗೆ ಓಣಿಯ ಕೌಸಲ್ಯಾಬಾಯಿ ರೊಟ್ಟಿ ಒಯ್ಯಲು ಒಪ್ಪಿದ್ದಾರೆ.

ಕಪಾಟಿನ ಚಿಂತೆ ಮಾಡಬೇಡ. ನೀನು ಅದನ್ನು ಕೊಂಡದ್ದು ನನಗೆ ಒಳ್ಳೆಯದೇ ಅನಿಸುತ್ತದೆ. ಬೇರೆಯವರು ಒಯ್ದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಬಟ್ಟೆ ಇಡು, ಬಳಸು. ಗಾಯಕ್ಕೆ ಸಾಗವಾನಿಯ ಪುಡಿಯನ್ನು ಖಳಿಯಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಅಗಸೆ ಎಣ್ಣೆ ತಿಕ್ಕು. ಕುಬರಾ ಬಂದಾಗ ನೀವಿಬ್ಬರೂ ಮಾತಾಡಿಕೊಳ್ಳಿ.

ಆಬೇದಾ


ಔರಾದ
೯ ಡಿಸೆಂಬರ್ ೧೯೪೮

ಆಬೇದಾ,

ನೀನು ಈಗ ತಿರುಗಿ ಬಂದಿರಬೇಕು. ಈ ಕಾಗದ ಕೈಗೆ ಬಂದ ತಕ್ಷಣ ಹೊರಡು. ಕುಬರಾ ಬದುಕಿದ್ದಾಳೆ. ಅವಳ ಊರಲ್ಲೇ ಇದ್ದಾಳೆ. ಜ್ವರ. ನಿನ್ನನ್ನೇ ಕೇಳುತ್ತಾಳೆ.

ಸುಭಾನಣ್ಣ ಇಲ್ಲ.

ನಾನು ನಿನಗೆ ಸುಳ್ಳು ಬರೆದೆ. ನಿನ್ನ ಕಾಗದ ಓದಿದ ದಿನ ನಮ್ಮವರು ಹೇಳಿದ್ದು ಹೈದರಾಬಾದಲ್ಲ. “ಸುಭಾನ ಸತ್ತಾನ. ಫೌಜು ಬಂದ ಮ್ಯಾಲ ಊರಾಗಿನ ಮುಸಲ್ಮಾನ ಗಂಡಸರನ್ನ ಒಯ್ದು ಹಾಳ ಬಾವ್ಯಾಗ ಹಾಕ್ಯಾರ. ಹೆಣ್ಣಮಗಳು ಏನಾದಳೋ ಗೊತ್ತಿಲ್ಲ” ಎಂದರು. “ಗೊತ್ತಿದ್ದೂ ಆ ಕಪಾಟು ತಂದ್ರೇನ್ರಿ?” ಎಂದೆ. “ಗಾಡಿ ಮ್ಯಾಲ ಇತ್ತು. ನಾ ತಗೊಳ್ಳದಿದ್ರ ಮತ್ತೊಬ್ಬ ತಗೋತಿದ್ದ. ನಮ್ಮ ಬಾಗಿಲಾ ಕಿತ್ತು ಒಯ್ಯೋವಾಗ ಯಾರರೆ ಕೇಳಿದ್ರೇನ?” ಎಂದರು. ಆಮೇಲೆ ತಲೆ ತಗ್ಗಿಸಿ, “ಫೌಜಿನವರು ಲೂಟಿ ಸಾಮಾನು ಯಾರ ಮನ್ಯಾಗ ಅದ ಅಂತ ಕೇಳಾಕ ಹತ್ಯಾರ. ಬರಿಬ್ಯಾಡ” ಎಂದರು.

ಗಾಡಿಯ ಅಚ್ಚು ಸರಿ ಮಾಡುವಾಗ ಅವನ ಬೆನ್ನು ಬೆವತದ್ದು ನನ್ನ ಕಣ್ಣ ಮುಂದಿತ್ತು. ಸತ್ತ ಎಂದು ಬರೆಯಲು ಕೈ ಬರಲಿಲ್ಲ. ನಿನಗೆ ನೋವಾಗುತ್ತದೆ ಎಂದು ಬರೆಯಲಿಲ್ಲ ಎಂದುಕೊಂಡೆ. ಅದು ಅರ್ಧ. ಉಳಿದ ಅರ್ಧ ಹೆದರಿಕೆ.

ನಿನ್ನೆ ಸುಣ್ಣದ ಕುಂಚಕ್ಕೆ ಶಿಂದಿ ಮರದ ಗರಿ ಕೊಡಲು ಸುಭದ್ರಾಬಾಯಿ ಎಂಬ ಮುದುಕಿ ಬಂದಳು. ಆ ಊರಿನ ಹೊರಗೇರಿಯವಳು. ಅಂಗಳದಲ್ಲಿ ನಿಂತವಳು ಒಳಗಿನ ಕಪಾಟು ನೋಡಿ ಹೊರೆ ಇಳಿಸುವುದನ್ನೇ ಮರೆತಳು.

“ಬಾಯೀ, ಇದು ಸುಭಾನ ಮಿಸ್ತ್ರಿ ಮನಿದಲ್ಲೇನ್ರಿ?”

“ಹೌದು. ಅವನ ಹೆಂಡತಿ ಸುದ್ದಿ ಏನಾರ ಗೊತ್ತದ ಏನು?”

ಓಣಿಯಲ್ಲಿ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದಳು. “ಯಾಕ ಕೇಳ್ತೀರಿ? ಹಿಡಿದು ಕೊಡಾಕೇನ್ರಿ?”

ನಾನು ನಿನ್ನ ಹೆಸರು ಹೇಳಿದೆ. ಅವಳು ಅಲ್ಲೇ ಕೂತುಬಿಟ್ಟಳು. “ನನ್ನ ಗುಡಿಸಲಾಗ ಅದಾಳ್ರಿ. ಸೀರಿ ಉಡಿಸಿ, ನನ್ನ ತಂಗಿ ಮಗಳು ಅಂತ ಹೇಳೀನಿ. ಆಬೇದಾ ಅಂತ ಹೆಸರು ಹಿಡಿದು ಬಡಬಡಸ್ತಾಳ. ಆ ಆಬೇದಾ ಯಾವ ಊರಾಕಿ ಅಂತ ನಾ ಯಾರನ್ನ ಕೇಳಲಿ?”

ಮುಂದೆ ನಡೆದದ್ದು ಎದುರಿಗೆ ಹೇಳುತ್ತೇನೆ. ಬಯ್ಯುವುದಿದ್ದರೆ ಬಂದು ಬಯ್ಯಿ. ಮೊದಲು ಹೊರಡು.

ಸುಮಿತ್ರಾ


ಔರಾದ
೧೪ ಡಿಸೆಂಬರ್ ೧೯೪೮

ಆಬೇದಾ, ಯಾಕೆ ಬರಲಿಲ್ಲ?

ನನ್ನ ಮೇಲಿನ ಸಿಟ್ಟಿಗೆ ಬರದೆ ಇದ್ದೀಯಾ? ನನಗಾಗಿ ಬರಬೇಡ, ಅವಳಿಗಾಗಿ ಬಾ. ನಾನು ಎರಡು ಸಲ ಹೋಗಿ ಬಂದೆ. ನಮ್ಮವರು ಬೇಡ ಎಂದರು, ಆದರೂ ಹೋದೆ. ಮೈಯಲ್ಲಿ ಎಲುಬು ಮಾತ್ರ ಉಳಿದಿದೆ. ಔರಾದಿನ ವೈದ್ಯರ ಕಷಾಯ ಒಯ್ದೆ, ಕುಡಿದದ್ದು ನಿಲ್ಲುವುದಿಲ್ಲ. ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, “ಆಪಾ ಆಯೀಂ ಕ್ಯಾ?” ಎಂದು, ನೀನೇ ಬಂದೆ ಎಂದುಕೊಂಡು ಏಳಲು ನೋಡುತ್ತಾಳೆ. ನಾನು ಎಂದು ಗೊತ್ತಾದ ಮೇಲೆ ಗೋಡೆಯ ಕಡೆ ತಿರುಗುತ್ತಾಳೆ. ಸುಭಾನಣ್ಣನ ಹೆಸರು ಒಮ್ಮೆಯೂ ಎತ್ತಿಲ್ಲ.

ಗಾಡಿಯವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಅದೇ ಗಾಡಿ ಹತ್ತಿ ಬಾ.

ಸುಮಿತ್ರಾ


ಔರಾದ
೨೧ ಡಿಸೆಂಬರ್ ೧೯೪೮

ಆಬೇದಾ,

ಗಾಡಿಯವನು ಬಂದು, ನಿನ್ನ ಮನೆಗೆ ಬೀಗ, ಕಾಗದ ಬಾಗಿಲ ಸಂದಿಯಲ್ಲಿ ಹಾಕಿ ಬಂದೆ ಎಂದ. ಎಂಟು ದಿನ ಎಂದವಳು ಇನ್ನೂ ಹೈದರಾಬಾದಿನಲ್ಲಿ ಹುಡುಕುತ್ತಿದ್ದೀ. ನನ್ನ ಸುಳ್ಳಿನ ಹಿಂದೆ ತಿರುಗುತ್ತಿದ್ದೀ.

ಕುಬರಾ ಮೊನ್ನೆ ರವಿವಾರ ಹೋದಳು. ಮಧ್ಯಾಹ್ನ. ನಾನು ಅಲ್ಲೇ ಇದ್ದೆ. ನೀರು ಕೇಳಿದಳು, ಎರಡು ಗುಟುಕು ಕುಡಿದಳು, ಮೂರನೆಯದು ತುಟಿಯಿಂದ ಹೊರಗೆ ಬಂತು.

ಅವಳನ್ನು ಯಾರು ತೊಳೆಯಬೇಕು, ಹೇಗೆ ತೊಳೆಯಬೇಕು, ಯಾರು ಓದಬೇಕು? ಆ ಊರಲ್ಲಿ ನಿಮ್ಮವರು ಒಬ್ಬರೂ ಉಳಿದಿಲ್ಲ. ಸುಭದ್ರಾಬಾಯಿ ಹಿಂದೆ ಯಾವಾಗಲೋ ದೂರದಿಂದ ನೋಡಿದ್ದಳಂತೆ. “ಮೂರು ಸಲ ನೀರು ಹಾಕ್ತಾರ್ರಿ, ಬಿಳಿ ಅರಿವಿ ಸುತ್ತತಾರ. ಅಷ್ಟ ನನಗ ಗೊತ್ತು” ಎಂದಳು. ನಾವಿಬ್ಬರೂ ಸೇರಿ ತೊಳೆದೆವು. ಸೀರೆ ಉಡಿಸಿದ್ದಳಲ್ಲ, ಅದನ್ನು ತೆಗೆದೆವು. ಕೈಗೆ ಹಾಕಿದ್ದ ಹಸಿರು ಬಳೆ ಇಳಿಯಲಿಲ್ಲ, ಒಡೆಯಲು ಮನಸ್ಸಾಗಲಿಲ್ಲ, ಎಣ್ಣೆ ಹಚ್ಚಿ ಒಂದೊಂದೇ ತೆಗೆದೆ. ಬಿಳಿ ಅರಿವೆಗೆ ನಮ್ಮವರ ಹೊಸ ಧೋತರ. ತಂದುಕೊಟ್ಟವರು ಅವರೇ. ಗುಡಿಸಲಿನ ಹೊರಗೆ ಬೆನ್ನು ತಿರುಗಿಸಿ ನಿಂತಿದ್ದರು.

ನಾವು ಸತ್ತವರನ್ನು ಕೂರಿಸಿ ಹೂಳುತ್ತೇವೆ. ನಿಮ್ಮಲ್ಲಿ ಮಲಗಿಸುತ್ತೀರಿ ಎಂದು ಮಾತ್ರ ನನಗೆ ನೆನಪಿತ್ತು, ಮಿಸ್ತ್ರಿ ಕಾಕಾ ತೀರಿದಾಗ ನೀನು ಹೇಳಿದ್ದೆ. ಹೊರಗೇರಿಯ ನರಸಿಂಗ ಎನ್ನುವವನು ಅಗೆದ. ಹೊತ್ತು ಮುಳುಗಲು ಬಂದಿತ್ತು, ಯಾರಾದರೂ ನೋಡಿಯಾರು ಎಂಬ ಅವಸರ. ನಾನೇ ಕೆಳಗಿಳಿದು ತಲೆ ಹಿಡಿದೆ. ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ನನಗೆ ಬರುವುದು ನಮ್ಮ ಪೂಜೆಯ ಮಾತು. ಅದನ್ನು ಹೇಳಬಹುದೋ ಬಾರದೋ ಗೊತ್ತಾಗದೆ ಸುಮ್ಮನಾದೆ. ನಾನು, ಸುಭದ್ರಾಬಾಯಿ, ನರಸಿಂಗ ಮೂವರೂ ಮಣ್ಣು ಹಾಕಿದೆವು.

ಕಪಾಟು ಖಾಲಿ ಮಾಡಿದ್ದೇನೆ. ಏನು ಮಾಡಲಿ ಹೇಳು. ಗಾಡಿಯಲ್ಲಿ ಬೀದರಕ್ಕೆ ಕಳಿಸಲೇ?

ಸುಮಿತ್ರಾ


ಬೀದರ
೪ ಜನವರಿ ೧೯೪೯

ಸುಮಿತ್ರಾಬಾಯಿ,

ಮೊನ್ನೆ ಬಂದೆ. ಬಾಗಿಲು ತೆಗೆದಾಗ ಮೂರು ಕಾಗದ ಕಾಲ ಕೆಳಗೆ ಬಂದವು. ಮೇಲಿದ್ದುದು ಕೊನೆಯದು. ಹೀಗಾಗಿ ಕುಬರಾ ಸತ್ತದ್ದನ್ನು ಮೊದಲು ಓದಿದೆ, ಅವಳು ಬದುಕಿದ್ದಾಳೆ ಎಂದು ಆಮೇಲೆ ಓದಿದೆ.

ಹೈದರಾಬಾದಿನಲ್ಲಿ ಐದು ವಾರ ಇದ್ದೆ. ಎಂಟು ದಿನಕ್ಕೆ ಹೊರಡುವವಳೇ. ಗಂಟು ಕಟ್ಟಿದ ದಿನ ಒಬ್ಬ ಹೇಳಿದ, ಬೀದರ ಕಡೆಯ ಎಡಚ ಬಡಗಿಯೊಬ್ಬ ಊರಾಚೆಯ ಕ್ಯಾಂಪಿನಲ್ಲಿದ್ದಾನೆ, ಹೆಸರು ಸುಭಾನ ಎಂದು. ಆ ಕ್ಯಾಂಪಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅವನನ್ನು ಕಳಿಸಿದ್ದರು. ಹಿಂದೆಯೇ ಹೋದೆ. ಕೊನೆಗೆ ಸಿಕ್ಕ. ಬಾಗಿ ಹಲಗೆ ಕೊಯ್ಯುತ್ತಿದ್ದ, ಎಡಗೈಯಿಂದ. ಹಿಂದಿನಿಂದ ಅಣ್ಣನೇ. “ಭಾಯೀ” ಎಂದು ಕೂಗಿದೆ. ತಿರುಗಿದ. ಯಾರೋ. ನನ್ನ ಅಳು ನೋಡಿ ಆ ಮನುಷ್ಯನೂ ಅತ್ತ. ಅವನೂ ತನ್ನ ತಂಗಿಯನ್ನು ಹುಡುಕುತ್ತಿದ್ದನಂತೆ.

ನಾನಿಲ್ಲದಾಗ ಇವರನ್ನು ಬೇರೆ ಜಿಲ್ಲೆಯ ಜೇಲಿಗೆ ಒಯ್ದಿದ್ದಾರೆ. ಹಿಂದಿನ ದಿನ ಭೆಟ್ಟಿಗೆ ಕರೆಯಲು ಸಿಪಾಯಿ ಬಂದಿದ್ದನಂತೆ. ಕೌಸಲ್ಯಾಬಾಯಿ ಓಡಿ ಹೋದರು, ಮನೆಯವರಲ್ಲ ಎಂದು ಒಳಗೆ ಬಿಡಲಿಲ್ಲ. ಯಾವ ಜೇಲು ಎಂದು ಇಲ್ಲಿ ಯಾರೂ ಹೇಳುವುದಿಲ್ಲ.

ನೀನು ನನ್ನ ತಲೆಯಲ್ಲಿ ಅಣ್ಣನನ್ನು ಐದು ವಾರ ಬದುಕಿಸಿದೆ. ಆ ಐದು ವಾರಕ್ಕೆ ಕುಬರಾ ಹೋದಳು, ಇವರು ಹೋದರು. ಕೆಟ್ಟದ್ದಿದ್ದರೂ ಬರೆ ಎಂದು ನಾನು ಕೇಳಿದ್ದೆನಲ್ಲ.

ನೀನು ಅವಳನ್ನು ತೊಳೆದೆ. ಬಳೆ ಒಡೆಯಲಿಲ್ಲ. ಅದನ್ನು ನಾನು ಮರೆಯುವುದಿಲ್ಲ. ಇನ್ನೊಂದನ್ನೂ ಮರೆಯುವುದಿಲ್ಲ. ಎರಡನ್ನೂ ಒಟ್ಟಿಗೆ ಎಲ್ಲಿಡಬೇಕೋ ನನಗೆ ತಿಳಿಯುತ್ತಿಲ್ಲ.

ಕಪಾಟು ನನಗೆ ಬೇಡ. ಇಟ್ಟುಕೋ, ಒಡೆದು ಒಲೆಗೆ ಹಾಕು, ನನ್ನನ್ನು ಕೇಳಬೇಡ.

ಮುಂದಿನ ಶುಕ್ರವಾರ ನಾನು ಆ ಊರಿಗೆ ಬರುತ್ತೇನೆ. ಫಾತಿಹಾ ಓದಬೇಕು. ಅದಕ್ಕೆ ಮೊದಲು ಒಂದು ವಿಷಯ ತಿಳಿಯಬೇಕು. ನಮ್ಮಲ್ಲಿ ತಲೆ ಉತ್ತರಕ್ಕೆ ಇಟ್ಟು, ಮುಖವನ್ನು ಪಡುವಣಕ್ಕೆ ತಿರುಗಿಸುತ್ತೇವೆ, ಕಾಬಾದ ಕಡೆಗೆ. ನೀನು ಎಲ್ಲವನ್ನೂ ಬರೆದೆ, ಅದನ್ನು ಬರೆಯಲಿಲ್ಲ. ಕುಬರಾಳ ಮುಖ ಯಾವ ಕಡೆಗಿದೆ?

ಇದಕ್ಕೆ ಉತ್ತರ ಬರೆ. ಆಮೇಲೆ ಬರೆಯಬೇಡ.

ಆಬೇದಾ


ಔರಾದ
೯ ಜನವರಿ ೧೯೪೯

ಆಬೇದಾ,

ನಿನ್ನ ಕಾಗದ ಬಂದ ದಿನವೇ ಆ ಊರಿಗೆ ಹೋಗಿ ಕೇಳಿದೆ. ಸುಭದ್ರಾಬಾಯಿ “ಪಡುವಣಕ್ಕ ಇಟ್ಟೀವಿ ನೋಡ್ರಿ” ಎನ್ನುತ್ತಾಳೆ. ಅಗೆದ ನರಸಿಂಗ “ಇಲ್ರೀ, ಮಾರಿ ಹೊಳಿ ಕಡಿ ಇತ್ತು” ಎನ್ನುತ್ತಾನೆ. ಹೊಳೆ ಅಲ್ಲಿಗೆ ಮೂಡಣಕ್ಕೆ. ಇಬ್ಬರೂ ಆಣೆ ಮಾಡುತ್ತಾರೆ. ಮಣ್ಣಿನ ಮೇಲೆ ನಿಂತು ಬಹಳ ಹೊತ್ತು ನೋಡಿದೆ. ಏನೂ ಗುರುತಿಲ್ಲ.

ತಲೆ ಹಿಡಿದವಳು ನಾನು. ಮುಖದ ಮೇಲೆ ಅರಿವೆ ಎಳೆದವಳೂ ನಾನು. ತಣ್ಣಗಿದ್ದ ಕೆನ್ನೆ ನೆನಪಿದೆ, ನನ್ನ ಮೊಣಕೈಗೆ ತಾಗಿದ ಕಲ್ಲು ನೆನಪಿದೆ. ಯಾವ ಕಡೆ ಎಂಬುದು ನೆನಪಿಲ್ಲ.

ಶುಕ್ರವಾರ ಸುಭದ್ರಾಬಾಯಿ ಹೊಳೆಯ ಹತ್ತಿರ ನಿಂತಿರುತ್ತಾಳೆ, ಜಾಗ ತೋರಿಸುತ್ತಾಳೆ. ನಾನು ಆ ದಿನ ಬರುವುದಿಲ್ಲ.

ಪಡುವಣಕ್ಕೇ ಇದೆ ಎಂದು ಬರೆಯಲು ಎರಡು ಸಲ ಲೇಖನಿ ಎತ್ತಿದೆ. ಬರೆದಿದ್ದರೆ ನೀನು ನಂಬುತ್ತಿದ್ದೆ, ನಿಶ್ಚಿಂತೆಯಿಂದ ಓದಿ ಬರುತ್ತಿದ್ದೆ.

ನನಗೆ ಗೊತ್ತಿಲ್ಲ, ಆಬೇದಾ.

ಸುಮಿತ್ರಾ